ಡಲ್ಲಾಸ್‌ನಲ್ಲಿ ಮನೆ ಹೋಲ್‌ಸೇಲಿಂಗ್: ಮೊದಲ ಕರಾರಿಗೆ ಸಹಿ ಹಾಕುವ ಮುಂಚೆ ಏನೇನು ನೋಡಬೇಕು?

ಪ್ಲೇನೋ ನಿವಾಸಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಟೆಕ್ಸಾಸ್‌ನ ಡಲ್ಲಾಸ್ ಸುತ್ತಮುತ್ತ ರಿಯಲ್ ಎಸ್ಟೇಟ್ ಹೋಲ್‌ಸೇಲಿಂಗ್ ಶುರು ಮಾಡುವ ಯೋಚನೆ ಇದೆ. ನನಗೆ ಅರ್ಥವಾಗಿರುವುದು ಇಷ್ಟು: ರಿಪೇರಿ ಬೇಕಿರುವ ಮನೆಯ ಮಾಲೀಕರ ಜೊತೆ ಕಡಿಮೆ ಬೆಲೆಗೆ ಕರಾರು ಮಾಡಿಕೊಳ್ಳಬೇಕು. ಮನೆಯನ್ನು ನಾವೇ ಕೊಳ್ಳದೆ, ಆ ಕರಾರನ್ನು ಇನ್ನೊಬ್ಬ ಹೂಡಿಕೆದಾರರಿಗೆ ವರ್ಗಾಯಿಸಿ, ಅದಕ್ಕೊಂದು ಫೀ ಪಡೆಯಬೇಕು. ಕೈಯಲ್ಲಿ 8,000 ಡಾಲರ್ ಇದೆ. ಮಾಲೀಕರಿಗೆ ಬೆಲೆ ಹೇಳುವುದು ಹೇಗೆ, ಕರಾರಿನಲ್ಲಿ ಏನಿರಬೇಕು, ಲೈಸೆನ್ಸ್ ಬೇಕಾ? ನಾನು ಎಚ್-1ಬಿ (ಉದ್ಯೋಗ) ವೀಸಾದಲ್ಲಿದ್ದೇನೆ, ಹೆಂಡತಿಗೆ ಎಚ್-4 ಇಎಡಿ (ಅವಲಂಬಿತರ ವೀಸಾದಲ್ಲಿ ಕೆಲಸ ಮಾಡಲು ಅನುಮತಿ) ಇದೆ.

ಬಯಲುಸೀಮೆ

ಬೆಲೆಗಿಂತ ಮೊದಲು ವೀಸಾ ವಿಷಯ. ಎಚ್-1ಬಿಯಲ್ಲಿರುವವರು ತಮ್ಮ ಪರವಾಗಿ ವೀಸಾ ಅರ್ಜಿ ಹಾಕಿದ ಕಂಪನಿಗೆ ಮಾತ್ರ ಕೆಲಸ ಮಾಡಬಹುದು. ಮನೆ ಕೊಂಡು ಬಾಡಿಗೆಗೆ ಬಿಟ್ಟು, ಪ್ರಾಪರ್ಟಿ ಮ್ಯಾನೇಜರ್‌ಗೆ ಒಪ್ಪಿಸಿ ಬಾಡಿಗೆ ಪಡೆಯುವುದನ್ನು ಸಾಮಾನ್ಯವಾಗಿ ಹೂಡಿಕೆ ಎಂದೇ ನೋಡುತ್ತಾರೆ. ಹೋಲ್‌ಸೇಲಿಂಗ್ ಹಾಗಲ್ಲ. ಮಾಲೀಕರಿಗೆ ಫೋನ್ ಮಾಡುವುದು, ಚೌಕಾಸಿ ಮಾಡುವುದು, ಗಿರಾಕಿ ಹುಡುಕುವುದು ಎಲ್ಲವೂ ದುಡಿಮೆ, ಸಿಗುವ ಫೀ ದುಡಿಮೆಯ ಆದಾಯ. ಎಲ್ಎಲ್‌ಸಿ (ಸ್ವಂತ ಸಣ್ಣ ಕಂಪನಿ) ಮಾಡಿಕೊಂಡರೂ ಇದು ಬದಲಾಗುವುದಿಲ್ಲ. ನಿಮ್ಮ ಮನೆಯವರಿಗೆ ಇಎಡಿ ಇರುವುದರಿಂದ ಅವರು ಮಾಡಬಹುದು. ಆದರೆ ನಿಜವಾಗಿಯೂ ಅವರೇ ಮಾಡಬೇಕು. ಹೆಸರು ಅವರದು, ಓಡಾಟ ನಿಮ್ಮದು ಎಂದಾದರೆ ನಾಳೆ ಗ್ರೀನ್ ಕಾರ್ಡ್ ಹಂತದಲ್ಲಿ ಕುತ್ತಿಗೆಗೆ ಬರುತ್ತದೆ. ಒಂದು ಗಂಟೆಯ ಫೀ ಕೊಟ್ಟು ಇಮಿಗ್ರೇಷನ್ ವಕೀಲರನ್ನು ಕೇಳಿ. ನಿಮ್ಮ 8,000 ಡಾಲರಿನಲ್ಲಿ ಮೊದಲ ಖರ್ಚು ಅದೇ ಆಗಲಿ.

ಲೈಸೆನ್ಸ್: ಟೆಕ್ಸಾಸ್‌ನಲ್ಲಿ ಕರಾರಿನ ಮೇಲಿನ ನಿಮ್ಮ ಹಕ್ಕನ್ನು ಮಾರಲು ಬೇಕಿಲ್ಲ. ಆದರೆ ಮಾರುತ್ತಿರುವುದು ಕರಾರಿನ ಹಕ್ಕನ್ನು, ಮನೆಯನ್ನಲ್ಲ ಎಂದು ಸ್ಪಷ್ಟವಾಗಿ ಹೇಳಬೇಕು. ಮನೆಯ ಫೋಟೊ ಹಾಕಿ "ಮನೆ ಮಾರಾಟಕ್ಕಿದೆ" ಎಂದು ಜಾಹೀರಾತು ಕೊಟ್ಟರೆ ಅದು ಲೈಸೆನ್ಸ್ ಇಲ್ಲದ ಬ್ರೋಕರೇಜ್. "ಕರಾರು ವರ್ಗಾವಣೆಗಿದೆ" ಎಂದೇ ಬರೆಯಿರಿ. ವರ್ಗಾಯಿಸುವ ಉದ್ದೇಶ ಇದೆ ಎಂದು ಮಾಲೀಕರಿಗೂ, ಕೊಳ್ಳುವವರಿಗೂ ಲಿಖಿತವಾಗಿ ತಿಳಿಸಿ ಸಹಿ ಪಡೆಯಿರಿ. ಬೇರೆ ರಾಜ್ಯಗಳ ಕಾನೂನು ಬೇರೆ. ಇಲಿನಾಯ್ ಮತ್ತು ಒಕ್ಲಹೋಮಾದಲ್ಲಿ ಇನ್ನೂ ಬಿಗಿ.

ಪಾಯದ ಮಾತು

ಬೆಲೆಯನ್ನು ಕೊನೆಯಿಂದ ಹಿಂದಕ್ಕೆ ಲೆಕ್ಕ ಹಾಕಬೇಕು. ಮಾಲೀಕರು ಎಷ್ಟು ಕೇಳುತ್ತಾರೆ ಎಂಬುದರಿಂದ ಶುರು ಮಾಡಬೇಡಿ. ರಿಪೇರಿ ಮುಗಿದ ಮೇಲೆ ಆ ಮನೆ ಎಷ್ಟಕ್ಕೆ ಹೋಗುತ್ತದೆ ಎಂಬುದರಿಂದ ಶುರು ಮಾಡಿ. ಉದಾಹರಣೆಗೆ 2,60,000 ಡಾಲರ್ ಎಂದುಕೊಳ್ಳಿ. ರಿಪೇರಿ ಮಾಡಿ ಮಾರುವವರು ಬಹುತೇಕ ಅದರ 70 ಶೇಕಡಾ ಹಿಡಿಯುತ್ತಾರೆ: 1,82,000. ರಿಪೇರಿ 45,000 ಕಳೆಯಿರಿ: 1,37,000. ಅವರು ಕೊಡಬಲ್ಲದ್ದು ಅಷ್ಟೇ. ನಿಮ್ಮ ಫೀ 10,000 ತೆಗೆದರೆ ಮಾಲೀಕರಿಗೆ ಹೇಳಬಹುದಾದ ಗರಿಷ್ಠ ಬೆಲೆ 1,27,000. ಉಳಿದ 30 ಶೇಕಡಾ ಪೂರ್ತಿ ಲಾಭವಲ್ಲ. ಹಾರ್ಡ್ ಮನಿ ಸಾಲದ (ಖಾಸಗಿಯವರು ಕೊಡುವ ದುಬಾರಿ, ಅಲ್ಪಾವಧಿ ಸಾಲ) ಬಡ್ಡಿ, ತೆರಿಗೆ, ವಿಮೆ, ಮಾರುವಾಗಿನ ಕಮಿಷನ್ ಎಲ್ಲವೂ ಅದರಲ್ಲೇ ಹೋಗಬೇಕು.

ಹೊಸಬರು ಎಡವುವುದು ಆ ಮೊದಲ ಸಂಖ್ಯೆಯಲ್ಲಿ. ಟೆಕ್ಸಾಸ್‌ನಲ್ಲಿ ಮನೆ ಎಷ್ಟಕ್ಕೆ ಮಾರಾಟವಾಯಿತು ಎಂದು ಸರ್ಕಾರಕ್ಕೆ ತಿಳಿಸುವ ಕಡ್ಡಾಯವಿಲ್ಲ. ಕೌಂಟಿ ಅಪ್ರೈಸಲ್ ವೆಬ್‌ಸೈಟಿನಲ್ಲಿ ಕಾಣುವುದು ತೆರಿಗೆಗಾಗಿ ಹಾಕಿದ ಅಂದಾಜು, ಮಾರಾಟದ ಬೆಲೆಯಲ್ಲ. ನಿಜವಾದ ಬೆಲೆಗಳು ಏಜೆಂಟರಷ್ಟೇ ನೋಡಬಹುದಾದ ಎಂಎಲ್ಎಸ್ ಎಂಬ ಮಾರಾಟ ಪಟ್ಟಿಯಲ್ಲಿ ಇರುತ್ತವೆ. ಒಬ್ಬ ಏಜೆಂಟರ ಸ್ನೇಹ ಸಂಪಾದಿಸಿ, ಕಳೆದ ಆರು ತಿಂಗಳಲ್ಲಿ, ಅರ್ಧ ಮೈಲಿಯೊಳಗೆ, ಹೆಚ್ಚುಕಡಿಮೆ ಅದೇ ಚದರಡಿ ಮತ್ತು ಅದೇ ಕಾಲದ, ರಿಪೇರಿ ಆಗಿ ಮಾರಾಟವಾದ ಮೂರು ಮನೆ ತೆಗೆಸಿ. ನಡುವೆ ಹೆದ್ದಾರಿ ಇದ್ದರೆ ಆಚೆಯ ಮನೆ ಲೆಕ್ಕಕ್ಕಿಲ್ಲ.

ಎರಡನೆಯ ತಪ್ಪು ರಿಪೇರಿಯ ಅಂದಾಜು. ಡಲ್ಲಾಸ್‌ನ ಮಣ್ಣು ನಮ್ಮ ಗದಗ, ನವಲಗುಂದದ ಎರೆಭೂಮಿ ಇದ್ದ ಹಾಗೆ. ಮಳೆಗೆ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಬಹಳಷ್ಟು ಮನೆಗಳು ಬರೀ ಕಾಂಕ್ರೀಟ್ ಸ್ಲ್ಯಾಬ್ ಮೇಲೆ ಕೂತಿರುತ್ತವೆ. ಹೊರಗೋಡೆಯ ಇಟ್ಟಿಗೆಯಲ್ಲಿ ಮೆಟ್ಟಿಲಿನಂಥ ಬಿರುಕು, ಚೌಕಟ್ಟಿಗೆ ಕೂರದ ಬಾಗಿಲು, ಒಂದು ಮೂಲೆಗೆ ಉರುಳುವ ಗೋಲಿ ಕಂಡರೆ ಪಾಯ ಕುಸಿದಿದೆ ಎಂದು ತಿಳಿಯಿರಿ. ಪಿಯರ್ (ಪಾಯದ ಕೆಳಗೆ ಇಳಿಸುವ ಆಧಾರ ಕಂಬ) ಹಾಕಿ ಎತ್ತಿಸಲು ಹತ್ತು ಸಾವಿರ ದಾಟುವುದು ಮಾಮೂಲು. ಅಲ್ಲಿಗೇ ಮುಗಿಯುವುದಿಲ್ಲ. ಎಪ್ಪತ್ತರ ದಶಕಕ್ಕಿಂತ ಹಿಂದಿನ ಮನೆಗಳಲ್ಲಿ ಸ್ಲ್ಯಾಬಿನ ಕೆಳಗೆ ಬೀಡುಕಬ್ಬಿಣದ ಚರಂಡಿ ಪೈಪ್ ಇರುತ್ತದೆ. ಪಾಯ ಎತ್ತುವಾಗ ತುಕ್ಕು ಹಿಡಿದ ಪೈಪ್ ಒಡೆಯಬಹುದು, ಆಗ ಸುರಂಗ ತೋಡಿ ಬದಲಿಸಬೇಕು. ಆದ್ದರಿಂದ ಪಾಯ ಸಂಶಯ ಎಂದರೆ ಪೈಪಿನ ಸೋರಿಕೆ ಪರೀಕ್ಷೆಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಆಮೇಲೆ ಆಲಿಕಲ್ಲು ಬಿದ್ದ ಚಾವಣಿ, ಎಸಿ ಘಟಕದ ವಯಸ್ಸು, 1965ರಿಂದ 1973ರ ನಡುವಿನ ಮನೆಯಾದರೆ ಅಲ್ಯೂಮಿನಿಯಂ ವೈರಿಂಗ್. ಬಣ್ಣ, ಕಾರ್ಪೆಟ್ ನೋಡಿ ಅಂದಾಜು ಕಟ್ಟಿದವರ ಕರಾರನ್ನು ಅನುಭವಿ ಹೂಡಿಕೆದಾರರು ಎರಡನೇ ಸಲ ತೆರೆದೂ ನೋಡುವುದಿಲ್ಲ.

ಪ್ಲೇನೋ ನಿವಾಸಿ

ತುಂಬಾ ಧನ್ಯವಾದ. ವೀಸಾ ವಿಷಯ ಯೋಚಿಸಿಯೇ ಇರಲಿಲ್ಲ, ಮೊದಲು ವಕೀಲರ ಹತ್ತಿರ ಹೋಗುತ್ತೇವೆ. ಕರಾರು ಆದ ಮೇಲೆ ಕೊಳ್ಳುವವರು ಸಿಗದಿದ್ದರೆ ಏನು ಗತಿ? ಮುಂಗಡ ಹೋಗುತ್ತದಾ?

ಕ್ಲೋಸಿಂಗ್ ಟೇಬಲ್

ಅದಕ್ಕೇ ಆಪ್ಷನ್ ಅವಧಿ ಇರುವುದು. ಟೆಕ್ಸಾಸ್ ರಿಯಲ್ ಎಸ್ಟೇಟ್ ಕಮಿಷನ್ನಿನ ಕರಾರು ನಮೂನೆಯಲ್ಲಿ 7ರಿಂದ 10 ದಿನದ ಆಪ್ಷನ್ ಬರೆಸಿ. ಅದಕ್ಕೆ 100ರಿಂದ 200 ಡಾಲರ್ ಫೀ. ಆ ದಿನಗಳಲ್ಲಿ ಕಾರಣ ಹೇಳದೆ ಕರಾರು ಬಿಡಬಹುದು, ಮುಂಗಡ ವಾಪಸ್ ಬರುತ್ತದೆ, ಆಪ್ಷನ್ ಫೀ ಮಾತ್ರ ಹೋಗುತ್ತದೆ. ಎರಡು ಗಡುವು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಿ. ಕರಾರು ಜಾರಿಯಾದ ಮೂರು ದಿನದೊಳಗೆ ಆಪ್ಷನ್ ಫೀ ಮತ್ತು ಮುಂಗಡ ಟೈಟಲ್ ಕಂಪನಿಗೆ (ಎರಡೂ ಕಡೆಯ ಹಣ ಹಿಡಿದುಕೊಂಡು ಹಕ್ಕುಪತ್ರ ಶೋಧಿಸುವ ಸಂಸ್ಥೆ) ಮುಟ್ಟಬೇಕು. ಆಪ್ಷನ್ ಫೀ ತಡವಾದರೆ ಬಿಡುವ ಹಕ್ಕೇ ಇರುವುದಿಲ್ಲ. ಬಿಡುವುದಾದರೆ ಕೊನೆಯ ದಿನ ಸಂಜೆ 5 ಗಂಟೆಯೊಳಗೆ ಲಿಖಿತ ನೋಟಿಸ್ ಹೋಗಬೇಕು, 5:10ಕ್ಕೆ ಕಳಿಸಿದ ಇಮೇಲ್ ಪ್ರಯೋಜನವಿಲ್ಲ.

ಆದರೆ ಈ ಆಪ್ಷನ್ನನ್ನು ಆಟದ ಸಾಮಾನು ಮಾಡಬೇಡಿ. ಬಹಳಷ್ಟು ಮಾಲೀಕರು ಸಂಕಟದಲ್ಲಿ ಮಾರುತ್ತಿರುತ್ತಾರೆ. ಟೆಕ್ಸಾಸ್‌ನಲ್ಲಿ ಸಾಲ ಕಟ್ಟದ ಮನೆಗಳ ಹರಾಜು ಪ್ರತಿ ತಿಂಗಳ ಮೊದಲ ಮಂಗಳವಾರ, ಮುಂಚೆ 21 ದಿನದ ನೋಟಿಸ್. ಅಂಥ ಮನೆಯನ್ನು ಕರಾರಿನಲ್ಲಿ ಕಟ್ಟಿಹಾಕಿ ಹತ್ತನೇ ದಿನ ಕೈಬಿಟ್ಟರೆ, ಆ ಮನೆಯವರಿಗೆ ಬೇರೆ ಗಿರಾಕಿ ಹುಡುಕಲು ಸಮಯವೇ ಉಳಿಯುವುದಿಲ್ಲ. ಕೊಳ್ಳುವವರು ಯಾರು ಎಂದು ಗೊತ್ತಿಲ್ಲದೆ ಅವರ ಬಾಗಿಲು ತಟ್ಟಲೇಬೇಡಿ.

ಹಾಗಾಗಿ ಮೊದಲು ಕೊಳ್ಳುವವರ ಪಟ್ಟಿ. ಕೌಂಟಿ ದಾಖಲೆಯಲ್ಲಿ ಇತ್ತೀಚಿನ ಕ್ರಯಪತ್ರ ನೋಡಿ. ಅದರ ಜೊತೆ ಸಾಲದ ಪತ್ರ ನೋಂದಣಿ ಆಗಿಲ್ಲದಿದ್ದರೆ ನಗದು ಖರೀದಿ. ಅದೇ ಎಲ್ಎಲ್‌ಸಿ ಹೆಸರು ಒಂದೇ ಬಡಾವಣೆಯಲ್ಲಿ ಎರಡು ಮೂರು ಸಲ ಬಂದರೆ ಅವರೇ ನಿಮ್ಮ ಗಿರಾಕಿ. ಅಂಥ ಹತ್ತು ಜನರಿಗೆ ಯಾವ ಪಿನ್‌ಕೋಡ್, ಯಾವ ಬೆಲೆ, ಪಾಯದ ಕೆಲಸ ಇರುವ ಮನೆ ಒಪ್ಪುತ್ತೀರಾ ಎಂದು ಕೇಳಿ ಬರೆದಿಟ್ಟುಕೊಳ್ಳಿ.

ಕರಾರಿನಲ್ಲಿ ಖರೀದಿದಾರರ ಹೆಸರಿನ ಮುಂದೆ "ಅಥವಾ ಅವರು ವರ್ಗಾಯಿಸಿದವರು" ಎಂಬ ಅರ್ಥದ ಮಾತು ಇರಲಿ. ವರ್ಗಾವಣೆ ಪತ್ರ ಒಂದೇ ಪುಟ ಸಾಕು: ಮೂಲ ಕರಾರಿನ ತಾರೀಖು, ವಿಳಾಸ, ಫೀ, ಕ್ಲೋಸಿಂಗ್ ದಿನ (ಹಣ ಕೊಟ್ಟು ಮಾರಾಟ ಪೂರ್ತಿಯಾಗುವ ದಿನ), ಮತ್ತು ಹೊಸ ಖರೀದಿದಾರರಿಂದ ವಾಪಸ್ ಕೊಡದ 2,000ದಿಂದ 5,000 ಡಾಲರ್ ಠೇವಣಿ. ಠೇವಣಿ ಇಲ್ಲದ ಗಿರಾಕಿ ಕೊನೆಯ ದಿನ ಫೋನ್ ಎತ್ತುವುದಿಲ್ಲ. ಬ್ಯಾಂಕ್ ವಶದಲ್ಲಿರುವ ಮನೆ ಮತ್ತು ಹಡ್ (ಕೇಂದ್ರ ಸರ್ಕಾರದ ವಸತಿ ಇಲಾಖೆ) ಮಾರುವ ಮನೆಗಳ ಕರಾರು ವರ್ಗಾಯಿಸಲು ಬಿಡುವುದಿಲ್ಲ, ಆ ಕಡೆ ಹೋಗಬೇಡಿ.

ಇನ್ನು ವ್ಯವಹಾರ ನಿಜವಾಗಿ ಮುರಿಯುವ ಜಾಗ ಹಕ್ಕುಪತ್ರ. ಟೈಟಲ್ ಕಂಪನಿಯ ಶೋಧನೆ ವರದಿ, ಅಂದರೆ ಟೈಟಲ್ ಕಮಿಟ್‌ಮೆಂಟ್, ಬಂದ ದಿನವೇ ಷೆಡ್ಯೂಲ್ ಸಿ ಓದಿ. ಕ್ಲೋಸಿಂಗ್‌ಗೆ ಮುಂಚೆ ಏನೇನು ಬಗೆಹರಿಯಬೇಕು ಎಂಬ ಪಟ್ಟಿ ಅಲ್ಲಿರುತ್ತದೆ. ವಾಸದ ಮನೆ ಗಂಡನೊಬ್ಬನ ಹೆಸರಿನಲ್ಲಿದ್ದರೂ ಹೆಂಡತಿಯ ಸಹಿ ಬೇಕು. ಅಜ್ಜಿ ತೀರಿಕೊಂಡು ವಿಲ್ ಇಲ್ಲದಿದ್ದರೆ ವಾರಸುದಾರರೆಲ್ಲರ ಸಹಿ ಬೇಕು. ನಿಮ್ಮ ಜೊತೆ ಮಾತಾಡುವ ಮೊಮ್ಮಗ ಐವರಲ್ಲಿ ಒಬ್ಬನಾಗಿರಬಹುದು. 65 ದಾಟಿದವರು ಆಸ್ತಿ ತೆರಿಗೆ ಮುಂದೂಡಿಕೊಂಡಿರಬಹುದು. ಅದು ಬಡ್ಡಿ ಸಮೇತ ವರ್ಷಗಟ್ಟಲೆ ಬೆಳೆದು, ಮಾರುವಾಗ ಒಟ್ಟಿಗೆ ಎದುರಾಗುತ್ತದೆ. ಮಾಲೀಕರಿಗೆ ಕೈಗೆ ಎಷ್ಟು ಉಳಿಯುತ್ತದೆ ಎಂಬ ಲೆಕ್ಕ ಅವರ ಮುಂದೆಯೇ ಕೂತು ಮಾಡಿ ತೋರಿಸಿ.

ಮಾರ್ಕೆಟಿಂಗ್‌ಗೆ ಪತ್ರವೇ ವಾಸಿ. ಡು-ನಾಟ್-ಕಾಲ್ ಪಟ್ಟಿಯಲ್ಲಿರುವವರಿಗೆ (ಮಾರಾಟದ ಕರೆ ಬೇಡ ಎಂದು ನೋಂದಾಯಿಸಿದವರು) ಫೋನ್, ಮೆಸೇಜ್ ಮಾಡಿದರೆ ಒಂದೊಂದಕ್ಕೂ 500 ಡಾಲರ್‌ವರೆಗೆ, ಗೊತ್ತಿದ್ದೇ ಮಾಡಿದ್ದರೆ 1,500ರವರೆಗೆ ಪರಿಹಾರ ಕೇಳಬಹುದು. ಮತ್ತೆ, ಫೀ ಮೇಲೆ ಆದಾಯ ತೆರಿಗೆಯಲ್ಲದೆ 15.3 ಶೇಕಡಾ ಸ್ವಯಂ ಉದ್ಯೋಗ ತೆರಿಗೆಯೂ ಬೀಳುತ್ತದೆ. ಬಂದ ದಿನವೇ ಮೂರನೇ ಒಂದು ಭಾಗ ತೆಗೆದಿಡಿ.

ಹುಬ್ಬಳ್ಳಿಯಿಂದ

ಇದನ್ನೇ ಇಲ್ಲಿ, ಕರ್ನಾಟಕದಾಗ ಮಾಡಬಹುದೇನ್ರಿ? ಅಗ್ರಿಮೆಂಟ್ ಮ್ಯಾಲೆ ಸೈಟ್ ಮಾರೋರು ಬಹಳ ಮಂದಿ ಅದಾರ.

ಕ್ಲೋಸಿಂಗ್ ಟೇಬಲ್

ಮಾಡುವವರಿದ್ದಾರೆ ಸರ್, ಆದರೆ ಅಲ್ಲಿ ಎರಡೂ ಕಡೆಯ ಹಣ ಹಿಡಿದುಕೊಂಡು, ಹಕ್ಕುಪತ್ರ ಶೋಧಿಸಿ, ವಿಮೆ ಕೊಡುವ ಟೈಟಲ್ ಕಂಪನಿ ಇಲ್ಲ. ಕ್ರಯದ ಕರಾರು ಅದೊಂದರಿಂದಲೇ ಜಮೀನಿನ ಮೇಲೆ ಹಕ್ಕು ಹುಟ್ಟುವುದಿಲ್ಲ. ಜಿಪಿಎ (ಸಾಮಾನ್ಯ ಅಧಿಕಾರಪತ್ರ) ಮೇಲೆ ಮಾರಿದ್ದು ಮಾರಾಟವಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಮಾಡುವುದಾದರೆ ಮೂಲ ಕರಾರಿನಲ್ಲಿ "ನಾನು ಹೇಳಿದವರ ಹೆಸರಿಗೆ ಕ್ರಯಪತ್ರ" ಎಂಬ ಷರತ್ತು ಇರಬೇಕು, ಮತ್ತು ಅಂತಿಮ ಕ್ರಯಪತ್ರದಲ್ಲಿ ಮಧ್ಯದವರೂ ಒಪ್ಪಿಗೆದಾರರಾಗಿ ಸಹಿ ಹಾಕಬೇಕು. ಮುಂಗಡವನ್ನು 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದಾಗಿ ಪಡೆದರೆ ಅಷ್ಟೇ ಮೊತ್ತದ ದಂಡ ಬೀಳಬಹುದು, ಎಲ್ಲವೂ ಬ್ಯಾಂಕ್ ಮೂಲಕವೇ ಹೋಗಲಿ. ಕೃಷಿ ಜಮೀನಾದರೆ ಅದು ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ್ದೇ ಎಂದು ಮೊದಲು ನೋಡಿ. 1978ರ ಪಿಟಿಸಿಎಲ್ ಕಾಯ್ದೆಯಡಿ ಅಂಥ ಜಮೀನು ಅನುಮತಿ ಇಲ್ಲದೆ ಕೈ ಬದಲಾಗಿದ್ದರೆ ವರ್ಷಗಳ ನಂತರವೂ ಮೂಲ ಮಂಜೂರುದಾರರಿಗೆ ವಾಪಸ್ ಹೋಗಬಹುದು, ಇಸಿ (ಋಣಭಾರ ಪ್ರಮಾಣಪತ್ರ) ಎಷ್ಟೇ ಚೊಕ್ಕವಾಗಿದ್ದರೂ.