‘ಸ್ವತಂತ್ರ ಮಾಧ್ಯಮ ನಿಯಂತ್ರಣ’: ಇಲ್ಲಿ ಸ್ವತಂತ್ರ ಯಾವುದು?

ಎಲ್ಲರಿಗೂ ನಮಸ್ಕಾರ.

ಒಂದು ಪದ ಸಿಗದೆ ಮೂರು ವಾರದಿಂದ ಒದ್ದಾಡುತ್ತಿದ್ದೇನೆ. ಕಲಬುರಗಿಯಲ್ಲಿ ಪತ್ರಿಕೋದ್ಯಮ ಓದುವ ಹುಡುಗ ಹುಡುಗಿಯರಿಗೆ ಒಂದು ಪಾಠ ಬರೆಯುತ್ತಿದ್ದೇನೆ. ಹಳೆಯ ಆಡಳಿತ ಬಿದ್ದು ಹೊಸದು ಬಂದಾಗ ಆ ದೇಶದ ಪತ್ರಿಕೆ, ರೇಡಿಯೋ, ಟಿವಿ ಯಾರ ಕೈಗೆ ಹೋಗುತ್ತವೆ ಎಂಬುದು ಅದರ ವಿಷಯ. ಪಾಠಕ್ಕೆ ‘ಸ್ವತಂತ್ರ ಮಾಧ್ಯಮ ನಿಯಂತ್ರಣ’ ಎಂದು ಹೆಸರಿಟ್ಟಿದ್ದೆ. ಪತ್ರಿಕೆಗಳಲ್ಲಿ ಹಾಗೇ ಬರೆಯುತ್ತಾರೆ, ನಾನೂ ಹಾಗೇ ಬರೆದೆ.

ನಮ್ಮ ಓಣಿಯ ನಿವೃತ್ತ ಮಾಸ್ತರರೊಬ್ಬರಿಗೆ ಓದಲು ಕೊಟ್ಟೆ. ಅವರು ತಲೆಬರಹ ನೋಡಿಯೇ ನಿಂತರು. ‘ಸ್ವತಂತ್ರ ಇರೋ ಪೇಪರ್‌ಗಳಿಗಿ ಲಗಾಮ್ ಹಾಕಬೇಕಂತೇಳಿ ಬರದೀರೇನ್ರೀ? ಇದು ಛಲೋ ಅಲ್ರೀ’ ಅಂದರು.

ನಾನು ಹೇಳಬೇಕೆಂದದ್ದು ಅದಕ್ಕೆ ಪೂರ್ತಿ ಉಲ್ಟಾ. ಸರ್ಕಾರದ ಕೈಗೆ ಸಿಗದ, ಸ್ವತಂತ್ರವಾದ ಒಂದು ಮಂಡಳಿ ಮಾಧ್ಯಮಗಳ ನಿಯಮಗಳನ್ನು ನೋಡಿಕೊಳ್ಳಬೇಕು ಎಂಬುದು ನನ್ನ ಮಾತು. ಆದರೆ ಮಾಸ್ತರರು ಓದಿದ್ದರಲ್ಲಿ ತಪ್ಪೇನಿಲ್ಲ. ಆ ಮೂರು ಪದಗಳಲ್ಲಿ ಎರಡು ಗಂಟುಗಳಿವೆ. ‘ಸ್ವತಂತ್ರ’ ಮಾಧ್ಯಮಕ್ಕೆ ಅಂಟುತ್ತದೋ ನಿಯಂತ್ರಣಕ್ಕೆ ಅಂಟುತ್ತದೋ ಗೊತ್ತಾಗುವುದಿಲ್ಲ. ಇದನ್ನು ‘ಮಾಧ್ಯಮಗಳ ಸ್ವತಂತ್ರ ನಿಯಂತ್ರಣ’ ಎಂದು ಬಿಡಿಸಬಹುದು. ಎರಡನೆಯದು ‘ನಿಯಂತ್ರಣ’. ಅದು ಬಿಚ್ಚಿಕೊಳ್ಳುತ್ತಿಲ್ಲ.

ನಾವು ಈ ಪದವನ್ನು ಎಲ್ಲೆಲ್ಲಿ ಬಳಸುತ್ತೇವೆ ನೋಡಿ. ಮಾಲಿನ್ಯ ನಿಯಂತ್ರಣ, ಜನಸಂಖ್ಯೆ ನಿಯಂತ್ರಣ, ರೋಗ ನಿಯಂತ್ರಣ. ಇಲ್ಲೆಲ್ಲ ಮುಂದಿರುವ ವಸ್ತು ಕಡಿಮೆ ಆಗಬೇಕು ಎಂಬ ಅರ್ಥ. ಇನ್ನೊಂದು ಕಡೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ. ಫೋನ್ ಕಡಿಮೆ ಆಗಲಿ, ಕರೆಂಟ್ ಕಡಿಮೆ ಆಗಲಿ ಅಂತ ಯಾರೂ ಇವನ್ನು ಕಟ್ಟಿಲ್ಲ ಅಲ್ವಾ? ಒಂದೇ ಪದ ಎರಡು ಕೆಲಸ ಮಾಡುತ್ತಿದೆ. ಫೋನು, ಕರೆಂಟಿನ ವಿಷಯದಲ್ಲಿ ಇದರಿಂದ ತೊಂದರೆ ಇಲ್ಲ. ಮಾಧ್ಯಮದ ವಿಷಯಕ್ಕೆ ಬಂದಾಗ ತುಂಬಾ ತೊಂದರೆ ಇದೆ.

ನಮ್ಮ ದೇಶದ್ದೇ ಉದಾಹರಣೆ ಕೊಡುತ್ತೇನೆ. 1975ರ ಜೂನ್‌ನಲ್ಲಿ ತುರ್ತು ಪರಿಸ್ಥಿತಿ ಬಂತು, ಪತ್ರಿಕೆಗಳಿಗೆ ಸೆನ್ಸಾರ್ ಬಂತು. ಆಗ ಪ್ರೆಸ್ ಕೌನ್ಸಿಲ್ ಇತ್ತು. 1965ರ ಕಾಯ್ದೆಯಡಿ 1966ರಲ್ಲಿ ಶುರುವಾದದ್ದು. ಪತ್ರಿಕೆಗಳ ನಡತೆಯ ಮೇಲಿನ ದೂರು ಕೇಳುವುದು, ತಪ್ಪು ಕಂಡರೆ ಎಚ್ಚರಿಸುವುದು, ಜೊತೆಗೆ ಪತ್ರಿಕಾ ಸ್ವಾತಂತ್ರ್ಯವನ್ನು ಕಾಯುವುದು ಅದರ ಕೆಲಸ. ಸರ್ಕಾರ ಆ ಕೌನ್ಸಿಲನ್ನೇ ರದ್ದು ಮಾಡಿತು. 1977ರಲ್ಲಿ ಅಧಿಕಾರ ಬದಲಾದ ಮೇಲೆ, 1978ರಲ್ಲಿ ಹೊಸ ಕಾಯ್ದೆ ಮಾಡಿ ಅದನ್ನು ಮತ್ತೆ ಕಟ್ಟಬೇಕಾಯಿತು. ಈಗ ಈ ಸಂಗತಿಯನ್ನು ನಮ್ಮ ಪತ್ರಿಕಾ ಭಾಷೆಯಲ್ಲಿ ಬರೆದು ನೋಡಿ: ‘ಮಾಧ್ಯಮ ನಿಯಂತ್ರಣಕ್ಕಾಗಿ ಸರ್ಕಾರ ಮಾಧ್ಯಮ ನಿಯಂತ್ರಣ ಸಂಸ್ಥೆಯನ್ನು ರದ್ದು ಮಾಡಿತು.’ ಓದಿದವರಿಗೆ ಏನು ತಿಳಿಯಬೇಕು? ಎರಡೂ ಒಂದಕ್ಕೊಂದು ವೈರಿಗಳು. ಆದರೆ ಭಾಷೆ ಎರಡಕ್ಕೂ ಒಂದೇ ಹೆಸರಿಟ್ಟಿದೆ.

ದಕ್ಷಿಣ ಆಫ್ರಿಕಾದ ಕಥೆ ಬರೆಯುವಾಗಲೂ ಇದೇ ಕಷ್ಟ. ಅಲ್ಲಿ ಎಲ್ಲ ಜನಾಂಗದವರೂ ಮತ ಹಾಕಿದ ಮೊದಲ ಚುನಾವಣೆ ನಡೆದದ್ದು 1994ರ ಏಪ್ರಿಲ್‌ನಲ್ಲಿ. ರೇಡಿಯೋ, ಟಿವಿಯನ್ನು ಸರ್ಕಾರದ ಹಿಡಿತದಿಂದ ಬಿಡಿಸಿ ಸ್ವತಂತ್ರ ಪ್ರಾಧಿಕಾರಕ್ಕೆ ಒಪ್ಪಿಸುವ ಕಾಯ್ದೆಯನ್ನು ಅದಕ್ಕೂ ಮುಂಚೆಯೇ, 1993ರಲ್ಲೇ ಮಾಡಿಕೊಂಡರು. ಆಮೇಲೆ 1996ರ ಸಂವಿಧಾನದ 192ನೇ ವಿಧಿಯಲ್ಲೂ ಅಂಥ ಪ್ರಾಧಿಕಾರ ಇರಲೇಬೇಕು ಎಂದು ಬರೆದರು. ಹಿಡಿತ ಬಿಡಿಸಲು ಹುಟ್ಟಿದ್ದನ್ನು ನಾನು ‘ನಿಯಂತ್ರಣ ಪ್ರಾಧಿಕಾರ’ ಅಂತ ಹೇಗೆ ಬರೆಯಲಿ?

ಬಂಗಾಳಿಯವರಿಗೂ ಈ ತೊಡಕು ಇರುವಂತಿದೆ. ಬಾಂಗ್ಲಾದೇಶದ ದೂರಸಂಪರ್ಕ ಸಂಸ್ಥೆಯ ಹೆಸರಲ್ಲೂ ‘ನಿಯಂತ್ರಣ’ವೇ ಇದೆ. 2024ರ ಆಗಸ್ಟ್‌ನಲ್ಲಿ ಅಲ್ಲಿ ಸರ್ಕಾರ ಬಿದ್ದ ಮೇಲೆ ಮಾಧ್ಯಮಗಳ ಸುಧಾರಣೆಗೆ ಒಂದು ಆಯೋಗ ಮಾಡಿದರು. ಅದರ ಹೆಸರು ‘ಗಣಮಾಧ್ಯಮ ಸಂಸ್ಕಾರ ಕಮಿಷನ್’. ಬಂಗಾಳಿಯಲ್ಲಿ ಸಂಸ್ಕಾರ ಅಂದರೆ ಸುಧಾರಣೆ. ಕನ್ನಡದಲ್ಲಿ ಅದೇ ಪದ ಇಟ್ಟರೆ ಬೇರೆಯೇ ಚಿತ್ರ ಬರುತ್ತದೆ. ಪಕ್ಕದ ಭಾಷೆಯಿಂದ ಪದವನ್ನು ಸುಮ್ನೆ ಎತ್ತಿಕೊಂಡು ಬರಲು ಆಗುವುದಿಲ್ಲ ಅನ್ನೋದಕ್ಕೆ ಇದನ್ನು ಹೇಳಿದೆ.

ಹಿಂದಿಯಲ್ಲಿ ಎರಡನ್ನೂ ಬೇರೆ ಮಾಡಿದ್ದಾರೆ. ಹಿಡಿತಕ್ಕೆ ‘ನಿಯಂತ್ರಣ್’, ನಿಯಮ ನೋಡಿಕೊಳ್ಳುವ ಕೆಲಸಕ್ಕೆ ‘ವಿನಿಯಮನ್’. ನಮ್ಮ ಸರ್ಕಾರಿ ಕಾಗದಗಳಲ್ಲೂ ‘ವಿನಿಯಮ’ ಕಾಣುತ್ತದೆ. ಆದರೆ ತರಗತಿಯಲ್ಲಿ ಜೋರಾಗಿ ಓದಿಸಿದಾಗ ಐದರಲ್ಲಿ ಮೂವರು ‘ವಿನಿಮಯ’ ಎಂದೇ ಓದಿದರು. ಮಾಧ್ಯಮ ವಿನಿಮಯ ಅಂದರೆ ಮುಗಿಯಿತು.

ಕನ್ನಡದ್ದೇ ಪದಗಳನ್ನೂ ಹುಡುಕಿದೆ. ಕಡಿವಾಣ, ಅಂಕುಶ, ಹತೋಟಿ, ಲಗಾಮು ಎಲ್ಲವೂ ಬಿಗಿಯುವ ಪದಗಳೇ. ‘ಕಟ್ಟಳೆ’ ನನಗೆ ಇಷ್ಟ. ಆದರೆ ಅದರ ಹಿಂದೆ ಜಾತಿ, ಮಡಿಗಳ ಕಟ್ಟುಕಟ್ಟಳೆಯ ನೆನಪು ಬರುತ್ತದೆ. ‘ಉಸ್ತುವಾರಿ’ ಒಳ್ಳೆಯ ಪದವಾಗಿತ್ತು. ಈಗ ಅದನ್ನು ಕೇಳಿದರೆ ಜಿಲ್ಲಾ ಉಸ್ತುವಾರಿ ಸಚಿವರೇ ಕಣ್ಣ ಮುಂದೆ ಬರುತ್ತಾರೆ. ಸಚಿವರಿಂದ ದೂರ ಇರಬೇಕಾದ ಸಂಸ್ಥೆಗೆ ಆ ಪದ ಹೇಗೆ ಇಡುವುದು? ‘ನಿಗಾ’ ಅಂದರೆ ಪೊಲೀಸರ ವಾಸನೆ.

ನನಗೆ ಬೇಕಾದ ಅರ್ಥ ನಮ್ಮೂರಿನ ಕಾಳುಕಡಿ ಮಾರುಕಟ್ಟೆಯಾದ ನೆಹರು ಗಂಜ್‌ನಲ್ಲಿ ದಿನಾ ನಡೆಯುತ್ತದೆ. ತೊಗರಿ ಬರುತ್ತದೆ, ಕಾಂಟಾ (ತಕ್ಕಡಿ) ಮೇಲೆ ಏರುತ್ತದೆ, ಹರಾಜಾಗುತ್ತದೆ. ಯಾರ ತೊಗರಿ ಮಾರಬೇಕು, ಯಾರದು ಮಾರಬಾರದು ಎಂದು ಮಾರುಕಟ್ಟೆ ಸಮಿತಿ ಹೇಳುವುದಿಲ್ಲ. ತೂಕ ಸರಿ ಇರಬೇಕು, ಹರಾಜು ಎಲ್ಲರ ಎದುರಿಗೆ ಆಗಬೇಕು, ರೈತನಿಗೆ ದುಡ್ಡು ಮುಟ್ಟಬೇಕು. ಪಠ್ಯಪುಸ್ತಕದಲ್ಲಿ ಇದಕ್ಕೆ ‘ನಿಯಂತ್ರಿತ ಮಾರುಕಟ್ಟೆ’ ಅಂತ ಬರೆಯುತ್ತಾರೆ. ಗಂಜ್‌ನಲ್ಲಿ ಯಾರೂ ಹಾಗೆ ಅನ್ನುವುದಿಲ್ಲ. ಅಡತಿ ಅಂಗಡಿಯವರನ್ನು ಕೇಳಿದೆ. ‘ಕಮಿಟಿಯವರು ನೋಡ್ತಾರ್ರೀ’ ಅಂದರು, ಅಷ್ಟೇ. ಆ ‘ನೋಡ್ತಾರೆ’ಯಲ್ಲಿ ನನಗೆ ಬೇಕಾದದ್ದು ಎಲ್ಲಾ ಇದೆ. ಅದನ್ನು ನಾಮಪದ ಮಾಡುವುದು ಹೇಗೆ?

ಇಷ್ಟು ಹಟ ಯಾಕೆ ಅಂತ ಕೇಳಬಹುದು. ನಮ್ಮ ಭಾಗ ನಿಜಾಮರ ರಾಜ್ಯದಲ್ಲಿತ್ತು. ಹೈದರಾಬಾದ್ ಭಾರತಕ್ಕೆ ಸೇರಬೇಕು ಎಂದು ಬರೆದದ್ದಕ್ಕೆ ‘ಇಮ್ರೋಜ್’ ಉರ್ದು ಪತ್ರಿಕೆಯ ಸಂಪಾದಕ ಶೋಯೆಬುಲ್ಲಾ ಖಾನ್ ಅವರನ್ನು 1948ರ ಆಗಸ್ಟ್‌ನಲ್ಲಿ ಕೊಂದರು. ಒಂದು ತಿಂಗಳೊಳಗೆ, ಸೆಪ್ಟೆಂಬರ್ 17ಕ್ಕೆ ನಿಜಾಮರ ಆಡಳಿತವೇ ಮುಗಿಯಿತು. ಪ್ರತಿ ವರ್ಷ ಆ ದಿನ ನಾವು ಬಾವುಟ ಹಾರಿಸುತ್ತೇವೆ. ನನ್ನ ತರಗತಿಯಲ್ಲಿ ಆ ಸಂಪಾದಕರ ಹೆಸರು ಕೇಳಿದವರು ಒಬ್ಬರೂ ಇರಲಿಲ್ಲ. ಅವರ ಬಗ್ಗೆ ಹೇಳಿ ಮುಗಿಸಿ, ಮುಂದಿನ ಪುಟದಲ್ಲೇ ಮಾಧ್ಯಮಕ್ಕೆ ‘ನಿಯಂತ್ರಣ’ ಒಳ್ಳೆಯದು ಎಂದು ಬರೆಯಲು ನನ್ನ ಕೈ ಏಳುತ್ತಿಲ್ಲ.

ಸದ್ಯಕ್ಕೆ ನನ್ನ ಮನಸ್ಸು ‘ನಿಯಮನ’ದ ಕಡೆ ಇದೆ. ‘ಮಾಧ್ಯಮ ನಿಯಮನ ಮಂಡಳಿ’. ನಿಯಮ ಎಲ್ಲರಿಗೂ ಗೊತ್ತಿರುವ ಪದ, ನಾಲಿಗೆಗೂ ಸುಲಭ. ನಿಯಂತ್ರಣವೂ ನಿಯಮವೂ ಒಂದೇ ಧಾತುವಿನಿಂದ ಬಂದವು ಎಂದು ಸಂಸ್ಕೃತ ಬಲ್ಲವರು ಹೇಳಬಹುದು. ನಿಜ. ಆದರೆ ಕನ್ನಡದ ಕಿವಿಗೆ ಅವು ಈಗ ಒಂದೇ ಅಲ್ಲ.

‘ನಿಯಮನ’ವನ್ನು ಕನ್ನಡದಲ್ಲಿ ಯಾರಾದರೂ ಈ ಅರ್ಥದಲ್ಲಿ ಬಳಸಿದ್ದನ್ನು ನೋಡಿದ್ದೀರಾ? ಬೀದರ್, ಯಾದಗಿರಿ ಕಡೆಯವರು ಸಂತೆ, ಗಂಜ್‌ಗಳಲ್ಲಿ ತೂಕ ನೋಡುವ ಕೆಲಸಕ್ಕೆ ಏನಾದರೂ ಹಳೆಯ ಹೆಸರು ಕೇಳಿದ್ದೀರಾ? ಉರ್ದು ಮೂಲದ್ದಾದರೂ ಪರವಾಗಿಲ್ಲ, ತಿಳಿಸಿ. ಪಾಠ ಮುಂದಿನ ತಿಂಗಳು ಅಚ್ಚಿಗೆ ಹೋಗುತ್ತದೆ. ತಲೆಬರಹದ ಜಾಗ ಖಾಲಿ ಬಿಟ್ಟಿದ್ದೇನೆ.