ಕ್ರಾಸಿಂಗ್‌ಗೆ ಹುಡುಗರಿಲ್ಲ, ಸಾಲಿಗೆ ಮಕ್ಕಳಿಲ್ಲ: ಎರಡಕ್ಕೂ ಕಾರಣ ಒಂದೇ ಏನ್ರಿ?

ಪ್ರಶ್ನೆ (ಬೀಜೋತ್ಪಾದಕ ರೈತ, ರಾಣೆಬೆನ್ನೂರು ತಾಲ್ಲೂಕು):
ನಮಸ್ಕಾರ ಸರ. ನಂದು ಹತ್ತು ಗುಂಟೆದಾಗ ಟೊಮ್ಯಾಟೊ ಬೀಜದ ಪ್ಲಾಟ್ ಐತಿ. ಕ್ರಾಸಿಂಗ್ ಅಂದ್ರ ಸಂಜಿಗೆ ಮೊಗ್ಗಿನಾಗಿನ ಗಂಡು ಭಾಗ ಚಿಮಟದಿಂದ ತಗಿಯೋದು, ಮರುದಿನ ಮುಂಜಾನೆ ಪರಾಗ ಹಚ್ಚೋದು. ಕಣ್ಣು ಚುರುಕಿರಬೇಕು, ಕೈ ನಡಗಬಾರದು. ಈಗ ಕೆಲಸಕ್ಕ ಬರೋರೆಲ್ಲಾ ನಲವತ್ತೈದು ದಾಟಿದವರು. ಚಾಳೀಸು ಏರಿಸ್ಕೊಂಡು ಕುಂದರ್ತಾರ, ಹತ್ತರಾಗ ಎರಡು ಮೊಗ್ಗು ಮುರೀತಾವ. ಊರ ಸಾಲ್ಯಾಗ ನಾ ಒಂದನೇ ಇಯತ್ತೆ ಇದ್ದಾಗ ನಾವು 46 ಮಂದಿ ಇದ್ವಿ, ಈ ವರ್ಷ 9 ಮಕ್ಕಳು. ಆಂಧ್ರದ ಮುಖ್ಯಮಂತ್ರಿಗಳು ಹೆಚ್ಚು ಮಕ್ಕಳನ್ನ ಹಡೀರಿ ಅಂದಿದ್ರು. ಹಂಗ ಮಾಡಿದ್ರ ಕೈ ಸಿಗ್ತಾವ? ದೇಶದ ಗಳಿಕೆ ಹೆಚ್ಚಾಗ್ತೈತಿ?

ಉತ್ತರ (ಜನಸಂಖ್ಯಾಶಾಸ್ತ್ರದ ನಿವೃತ್ತ ಸಂಶೋಧಕ, ಧಾರವಾಡ):
ಎರಡನ್ನೂ ಬಿಡಿಸಿ ನೋಡೋಣ್ರಿ. ಈ ವರ್ಷ ನಿಮ್ಮ ಪ್ಲಾಟಿಗೆ ಬರಬೇಕಿದ್ದ ಇಪ್ಪತ್ತು, ಇಪ್ಪತ್ತೈದರ ಹುಡುಗ ಹುಡುಗಿಯರು 2000ದ ಆಚೀಚೆ ಹುಟ್ಟಿದವರು. ಆಗ ಕೂಸುಗಳಿಗೆ ಬರ ಇರಲಿಲ್ಲ. ಅವರೆಲ್ಲ ಹುಟ್ಟಿದ್ದಾರೆ, ಬೆಳೆದಿದ್ದಾರೆ, ಊರಲ್ಲಿಲ್ಲ ಅಷ್ಟೆ. ನಿಮ್ಮ ಕೂಲಿಯಾಳಿನ ಕೊರತೆಗೆ ವಲಸೆ ಕಾರಣ, ಜನನ ದರ ಅಲ್ಲ.

ಸಾಲಿಯ ವಿಷಯ ಬೇರೆ. ಖಾಸಗಿ ಶಾಲೆಯ ಬಸ್ಸು ಒಯ್ದ ಮಕ್ಕಳನ್ನು ಬಿಟ್ಟು ಹೇಳುತ್ತೇನೆ. ಅಲ್ಲಿ ಎರಡು ಏಟು ಒಟ್ಟಿಗೆ ಬಿದ್ದಿವೆ. ಒಂದು, ಮನೆಗೆ ಮಕ್ಕಳು ಕಡಿಮೆಯಾದರು. ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 1992-93ರಲ್ಲಿ ಭಾರತದ ಹೆಣ್ಣುಮಗಳೊಬ್ಬಳಿಗೆ ಸರಾಸರಿ 3.4 ಮಕ್ಕಳು, 2019-21ರಲ್ಲಿ 2.0, ನಮ್ಮ ಕರ್ನಾಟಕದಲ್ಲಿ 1.7. ತಲೆಮಾರಿಗೆ ತಲೆಮಾರು ಸಮ ನಿಲ್ಲಲು ಬೇಕಾದದ್ದು 2.1. ಎರಡನೆಯದನ್ನು ಹೆಚ್ಚಿನವರು ಮರೆಯುತ್ತಾರೆ: ಹಡೆಯುವ ವಯಸ್ಸಿನ ಹೆಣ್ಣುಮಕ್ಕಳೇ ಊರಲ್ಲಿ ಕಡಿಮೆಯಾದರು. ಊರು ಬಿಟ್ಟ ಹುಡುಗಿ ಒಬ್ಬಳೇ ಹೋಗಲಿಲ್ಲ, ಅವಳ ಕೂಸಿನ ಹೆಸರೂ ಬೆಂಗಳೂರಿನ ಯಾವುದೋ ಶಾಲೆಯ ಹಾಜರಿ ಪುಸ್ತಕಕ್ಕೆ ಹೋಯಿತು.

ಒಂದು ಸಣ್ಣ ಲೆಕ್ಕ ಹಾಕಿ ನೋಡ್ರಿ. ಎರಡು ಊರು, ಎರಡರಲ್ಲೂ ಸಾವಿರ ಜನ, ಎರಡರಲ್ಲೂ ಒಬ್ಬೊಬ್ಬಳಿಗೆ ಎರಡೇ ಮಕ್ಕಳು ಅನ್ನೋಣ. 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳು ಒಂದರಲ್ಲಿ 260, ಇನ್ನೊಂದರಲ್ಲಿ 180. ಆ ಎರಡು ಹೆರಿಗೆ 35 ವರ್ಷದ ಮೇಲೆ ಹರಡಿಕೊಳ್ಳುತ್ತವೆ. ಹಾಗಾಗಿ ಮೊದಲ ಊರಲ್ಲಿ ವರ್ಷಕ್ಕೆ ಸುಮಾರು 15 ತೊಟ್ಟಿಲು, ಎರಡನೆಯದರಲ್ಲಿ 10. ಯಾವ ಮನೆಯ ನಿರ್ಧಾರವೂ ಬದಲಾಗಿಲ್ಲ, ಆದರೂ ಜನನ ದರ ಮೂರರಲ್ಲಿ ಒಂದು ಪಾಲು ಇಳಿಯಿತು. ವಯಸ್ಸಿನ ರಚನೆ ಮಾಡುವ ಕೆಲಸ ಇದು. ದೇಶದ ಮಟ್ಟದಲ್ಲಿ ಇದೇ ತಿರುಗಿ ನಿಲ್ಲುತ್ತದೆ: ಮನೆಗೆ ಎರಡೇ ಆದರೂ ಹರೆಯದವರು ಹೆಚ್ಚಿರುವುದರಿಂದ ಭಾರತದ ಜನಸಂಖ್ಯೆ ಇನ್ನೂ ಏರುತ್ತಲೇ ಇದೆ.

ಪ್ರಶ್ನೆ (ಸ್ಪರ್ಧಾತ್ಮಕ ಪರೀಕ್ಷೆ ಅಭ್ಯರ್ಥಿ, ಊರು ಗದಗ, ಸದ್ಯ ಧಾರವಾಡದ ಸಪ್ತಾಪುರ):
ಸರ, ಪುಸ್ತಕದಾಗ ಜನಸಂಖ್ಯಾ ಲಾಭಾಂಶ ಅಂತ ಓದೇನಿ. ಹರೆಯದವರು ಹೆಚ್ಚಿದ್ರ ಆರ್ಥಿಕತೆ ತಾನ ಬೆಳೀತೈತೇನು?

ಉತ್ತರ:
ತಾನಾಗಿ ಬೆಳೆಯುವುದಿಲ್ಲ ತಮ್ಮಾ. ದುಡಿಯುವ ವಯಸ್ಸಿನವರು ಹೆಚ್ಚು, ಉಣ್ಣುವ ಬಾಯಿ ಕಡಿಮೆ ಇದ್ದಾಗ ಮನೆಯಲ್ಲಿ ನಾಲ್ಕು ದುಡ್ಡು ಉಳಿಯುತ್ತದೆ, ಒಂದೊಂದು ಮಗುವಿನ ಓದಿಗೆ ಹೆಚ್ಚು ಸಿಗುತ್ತದೆ, ತಾಯಿ ಕೆಲಸಕ್ಕೆ ಹೋಗಬಹುದು. 1965ರಿಂದ 1990ರವರೆಗೆ ಪೂರ್ವ ಏಷ್ಯಾದ ದೇಶಗಳು ಕಂಡ ಬೆಳವಣಿಗೆಯಲ್ಲಿ ಮೂರನೇ ಒಂದು ಪಾಲಿನವರೆಗೂ ಈ ವಯಸ್ಸಿನ ಅನುಕೂಲದಿಂದ ಬಂದಿರಬಹುದು ಎಂದು ಅರ್ಥಶಾಸ್ತ್ರಜ್ಞರಾದ ಡೇವಿಡ್ ಬ್ಲೂಮ್ ಮತ್ತು ಜೆಫ್ರಿ ವಿಲಿಯಮ್ಸನ್ 1998ರಲ್ಲಿ ಅಂದಾಜು ಮಾಡಿದರು. ಅಲ್ಲಿ ಹುಡುಗರಿಗೆ ಓದಿತ್ತು, ಕಾರ್ಖಾನೆಯಲ್ಲಿ ಕೆಲಸವಿತ್ತು, ಹೆಣ್ಣುಮಕ್ಕಳೂ ಆ ಬಾಗಿಲು ದಾಟಿ ಒಳಗೆ ಹೋದರು.

ನಿಮ್ಮನ್ನೇ ತಗೊಳ್ಳಿ. ತಪ್ಪು ತಿಳಿಯಬೇಡಿ, ನನ್ನ ತಂಗಿಯ ಮಗನೂ ಸಪ್ತಾಪುರದ ರೂಮಿನಲ್ಲೇ ನಾಲ್ಕನೇ ವರ್ಷ ಕಳೆಯುತ್ತಿದ್ದಾನೆ. ನನ್ನ ಕೋಷ್ಟಕದಲ್ಲಿ ನೀವಿಬ್ಬರೂ 15-59ರ ಕಾಲಂನಲ್ಲಿ, ಅಂದರೆ ದುಡಿಯುವವರ ಸಾಲಿನಲ್ಲಿ ಕೂತಿದ್ದೀರಿ. ಆದರೆ ರೂಮಿನ ಬಾಡಿಗೆ, ಮೆಸ್ಸಿನ ಬಿಲ್ಲು ಅಪ್ಪನ ಹೊಲದಿಂದ ಬರುತ್ತದೆ. ನಿಮ್ಮ ಓದು ವ್ಯರ್ಥ ಅಂತಲ್ಲ. ಒಂದು ಹುದ್ದೆಗೆ ಸಾವಿರಾರು ಮಂದಿ ಕಾಯುವ ದೇಶದಲ್ಲಿ ಹರೆಯ ಎಂಬ ಬಂಡವಾಳ ದಿನದಿನಕ್ಕೆ ಕರಗುತ್ತದೆ ಎಂಬುದು ನನಗೆ ನಿಜವಾಗಿ ನೋವು ಕೊಡುವ ಸಂಗತಿ. ಸಮಯವೂ ಬಹಳ ಇಲ್ಲ. 2011ರ ಜನಗಣತಿಯಲ್ಲಿ ದೇಶದಲ್ಲಿ 60 ದಾಟಿದವರು ನೂರಕ್ಕೆ 8.6 ಇದ್ದರು. 2036ಕ್ಕೆ ಸುಮಾರು 15 ಆಗುತ್ತಾರೆ ಎಂದು ಕೇಂದ್ರದ ತಜ್ಞರ ಗುಂಪು ಲೆಕ್ಕ ಹಾಕಿದೆ. ದಕ್ಷಿಣದ ರಾಜ್ಯಗಳಿಗೆ ಮುಪ್ಪು ಇನ್ನೂ ಬೇಗ ಬರುತ್ತದೆ.

ಪ್ರಶ್ನೆ (ಗೃಹಿಣಿ, ಹಳೇ ಹುಬ್ಬಳ್ಳಿ):
ನನಗ ಒಬ್ಬಾಕಿನ ಮಗಳ್ರಿ. ಅತ್ತೆಯವರು ಇನ್ನೊಂದು ಬೇಕ ಬೇಕು ಅಂತಾರ. ಈಗ ದೇಶಕ್ಕೂ ಬೇಕಂತ. ನೀವೇನಂತೀರಿ?

ಉತ್ತರ:
ಅದು ನಿಮ್ಮ ಮತ್ತು ಯಜಮಾನರ ನಿರ್ಧಾರ ತಂಗಿ, ದೇಶದ ಹೆಸರಲ್ಲಿ ಯಾರೂ ನಿಮ್ಮನ್ನು ಒತ್ತಾಯಿಸಬಾರದು. ಲೆಕ್ಕದ ಮಾತು ಬೇಕಾದರೆ ಕೇಳಿ: ಇಂದು ಹುಟ್ಟಿದ ಕೂಸು ಗಳಿಸಲು ಇಪ್ಪತ್ತು ವರ್ಷ ಬೇಕು. ಅಷ್ಟರಲ್ಲಿ ಅತ್ತೆ ಮಾವನಿಗೂ ವಯಸ್ಸಾಗಿರುತ್ತದೆ, ನಡುವಿನವರ ಹೆಗಲ ಮೇಲೆ ಎರಡೂ ಕಡೆಯ ಭಾರ. ದಕ್ಷಿಣ ಕೊರಿಯಾದಲ್ಲಿ 1960ರ ಹೊತ್ತಿಗೆ ಮನೆಗೆ ಆರು ಮಕ್ಕಳಿದ್ದರು, 2023ರಲ್ಲಿ ಆ ಸರಾಸರಿ 0.72ಕ್ಕೆ ಬಂತು. ಸರ್ಕಾರ ವರ್ಷಗಟ್ಟಲೆ ಹಣ ಸುರಿದರೂ ಅಲ್ಲಿಯವರೆಗೆ ಇಳಿತ ನಿಲ್ಲಲಿಲ್ಲ. ಕೂಸು ಹುಟ್ಟಿದರೆ ಕೆಲಸ ಹೋಗುತ್ತದೆ, ಮನೆಗೆಲಸ ಅಷ್ಟೂ ತನ್ನ ಮೇಲೇ ಬೀಳುತ್ತದೆ ಎಂದು ಗೊತ್ತಿರುವ ಹೆಣ್ಣುಮಗಳು ಭಾಷಣ ಕೇಳಿ ಮನಸ್ಸು ಬದಲಿಸುವುದಿಲ್ಲ. ಚೀನಾ 2015ರಲ್ಲಿ ಒಂದೇ ಮಗು ನೀತಿ ಕೈಬಿಡುವುದಾಗಿ ಹೇಳಿತು, 2022ರಿಂದ ಅದರ ಜನಸಂಖ್ಯೆಯೇ ಇಳಿಯುತ್ತಿದೆ.

ರಾಣೆಬೆನ್ನೂರಿನ ಅಣ್ಣಾರಿಗೆ ಒಂದು ಮಾತು ಕೇಳುವುದು ಉಳಿದಿತ್ತು. ಊರಲ್ಲೇ ಉಳಿದ ಸಣ್ಣ ವಯಸ್ಸಿನ ತಾಯಂದಿರು ಕ್ರಾಸಿಂಗ್‌ಗೆ ಯಾಕೆ ಬರುವುದಿಲ್ಲ? ನಿಮ್ಮ ಪಂಚಾಯ್ತಿಯಲ್ಲಿ ಕೂಸಿನ ಮನೆ, ಅಂದರೆ ದುಡಿಯಲು ಹೋಗುವ ತಾಯಂದಿರು ಕೂಸು ಬಿಡುವ ಶಿಶುಪಾಲನಾ ಕೇಂದ್ರ, ಇದೆಯೇ?

ರೈತ:
ಐತ್ರಿ ಸರ. ಹತ್ತಕ್ಕ ಬಾಗಲಾ ತಗೀತಾರ. ಪರಾಗ ಹಚ್ಚೋದು ಬಿಸಲು ಏರೋದ್ರೊಳಗ ಮುಗೀಬೇಕು, ನಮ್ಮ ಕೆಲಸ ಏಳಕ್ಕ ಚಾಲೂ. ನಾಲ್ಕೈದು ಹೆಣಮಕ್ಕಳು ಕೂಸು ಬಿಡಾಕ ಜಾಗಿಲ್ಲಂತನ ಮನ್ಯಾಗ ಅದಾರ.

ಉತ್ತರ:
ಹಂಗಾದ್ರ ಮುಂದಿನ ಗ್ರಾಮಸಭೆಯಲ್ಲಿ ಅವರನ್ನೂ ಕರಕೊಂಡು ಹೋಗಿ, ಏಳಕ್ಕೆ ತೆಗೀರಿ ಅಂತ ಬರೆದು ಕೊಡ್ರಿ. ಅರ್ಜಿ ಬರೆಯಲು ನಾನು ಕೂಡುತ್ತೇನೆ.