ಸಹಾಯ ಬೇಕು: ಸ್ಟ್ರೋಲರ್ (ಮಗುವಿನ ತಳ್ಳುಗಾಡಿ) ತಳ್ಳುವಾಗ ಹೆಜ್ಜೆ ಎಣಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ರಜೆಗೆ ಒರ್ಲ್ಯಾಂಡೊದ ಡಿಸ್ನಿ ವರ್ಲ್ಡ್‌ಗೆ ಹೋಗುತ್ತಿದ್ದೇವೆ. ಜೊತೆಗೆ ಪುಟ್ಟ ಮಗಳು, ಊರಿಂದ ಬಂದಿರುವ ಅತ್ತೆ, ಮಾವ. ಮಾವನವರಿಗೆ ಶುಗರ್ ಇದೆ. ಮಾತ್ರೆ ವಿಚಾರ ಡಾಕ್ಟರ್ ಹೇಳಿದ್ದಾರೆ, ಅದು ಬಿಡಿ. ನಾನು ಕೇಳುತ್ತಿರುವುದು ಹೆಜ್ಜೆ, ಕ್ಯಾಲರಿ ಅಳತೆಯ ಬಗ್ಗೆ ಮಾತ್ರ.

ಸ್ಮಾರ್ಟ್ ವಾಚ್ ಕೈ ಬೀಸುವುದನ್ನು ನೋಡಿ ಹೆಜ್ಜೆ ಎಣಿಸುತ್ತದೆ. ಸ್ಟ್ರೋಲರ್ ಹಿಡಿದರೆ ಕೈ ಆಡುವುದೇ ಇಲ್ಲ ಅಲ್ವಾ? ಮಾಲ್‌ನಲ್ಲಿ ಸುತ್ತಿ ನೋಡಿದೆ, ಅರ್ಧದಷ್ಟೂ ತೋರಿಸಲಿಲ್ಲ. ಮಗು ಅತ್ತರೆ ತಳ್ಳುವ ಕೆಲಸ ಮಾವನವರದ್ದೇ, ಬೇಡ ಅಂದರೂ ಕೇಳುವವರಲ್ಲ. ಡಿಸ್ನಿ ವರ್ಲ್ಡ್‌ನ ಎಪ್ಕಾಟ್ ಪಾರ್ಕ್‌ನಲ್ಲಿ ನೀರಿನ ಸುತ್ತ 11 ದೇಶಗಳ ಪೆವಿಲಿಯನ್ ಇವೆಯಲ್ಲ, ಆ ಒಂದು ಸುತ್ತೇ ಹತ್ತಿರ ಹತ್ತಿರ 2 ಕಿಲೋಮೀಟರ್. ಅದು ಲೆಕ್ಕಕ್ಕೆ ಬರದಿದ್ದರೆ ಹೇಗೆ? ಫೋನ್ ಪ್ಯಾಂಟ್ ಜೇಬಿನಲ್ಲಿದ್ದರೆ ಪರವಾಗಿಲ್ಲ, ಆದರೆ ಫೋಟೋ ತೆಗೆಯೋಕೆ ಅದು ಯಾವಾಗಲೂ ಕೈಯಲ್ಲೇ. ಸೊಂಟಕ್ಕೆ ಸಿಕ್ಕಿಸಿ ಹೆಜ್ಜೆ ಎಣಿಸುವ ಪೆಡೋಮೀಟರ್ ಬಳಸಿದವರು ಇದ್ದೀರಾ? ವಾಚನ್ನೇ ಕಾಲಿಗೆ ಕಟ್ಟಿದರೆ ನಡೆಯುತ್ತದಾ?

ಇನ್ನೊಂದು, ಕ್ಯಾಲರಿ. 70 ಕೆಜಿ ತೂಕದವರು ಒಂದು ಗಂಟೆ ನಿಧಾನವಾಗಿ ನಡೆದರೆ ಸುಮಾರು 200 ಕ್ಯಾಲರಿ. ಅದರಲ್ಲಿ 70ರಷ್ಟು ಸುಮ್ನೆ ಕೂತಿದ್ದರೂ ಖರ್ಚಾಗುವುದೇ. ಆ್ಯಪ್‌ನಲ್ಲಿ ಒಟ್ಟು ಕ್ಯಾಲರಿ, ಆ್ಯಕ್ಟಿವ್ ಕ್ಯಾಲರಿ (ಓಡಾಡಿದ್ದಕ್ಕೆ ಖರ್ಚಾದದ್ದು ಮಾತ್ರ) ಅಂತ ಎರಡು ಇವೆ. ಒಟ್ಟು ನೋಡಿದರೆ ದಿನವಿಡೀ ಐಸ್‌ಕ್ರೀಮ್ ತಿನ್ನಬಹುದು ಅನ್ನಿಸುತ್ತದೆ! ಊಟ ಹೊಂದಿಸೋಕೆ ನೀವು ಯಾವುದನ್ನು ನೋಡುತ್ತೀರಿ? ರೈಡ್‌ಗೆ ಕ್ಯೂನಲ್ಲಿ ನಿಂತ ಹೊತ್ತನ್ನು ಹೇಗೆ ಸೇರಿಸುತ್ತೀರಿ?

ಹಿರಿಯರ ಜೊತೆ ಹೋಗಿ ಬಂದವರು ಹೇಳಿದರೆ ಇನ್ನೂ ಒಳ್ಳೆಯದು. ವಾಚ್ ಬದಲಿಸಿ ಅಂತ ಮಾತ್ರ ಹೇಳಬೇಡಿ, ಹೊಸದು.